ಕುರಿ ಮಲಗಿದ ಮನೆ

ಗುಡ್ಡಕ್ಕೂ ಹೊಳೆಗೂ ನಡುವೆ ಒಂದು ಊರಿತ್ತು. ಊರಿನ ನೆತ್ತಿಯ ಮೇಲೆ ಬಿಳಿಯ ದೇವಾಲಯ. ದೇವಾಲಯದಿಂದ ಹೊಳೆಯ ತನಕ ಇಳಿದುಹೋಗುವ ಒಂದೇ ಬೀದಿ. ಬೀದಿಯ ಎರಡೂ ಕಡೆ ಮನೆಗಳು, ಮನೆಗಳಿಗೆಲ್ಲ ಹೊಸಿಲುಗಳು. ಊರಿನವರು ಕ್ರಿಸ್ತನನ್ನು ನಂಬಿದವರು. ಸುಮ್ಮನೆ ನಂಬಿದವರಲ್ಲ, ಆತನ ಒಂದು ಮಾತನ್ನೂ ನೆಲಕ್ಕೆ ಬೀಳಗೊಡಬಾರದು ಎಂದು ಹಟ ತೊಟ್ಟವರು.

ಮಿಕ್ಕ ಮಾತುಗಳನ್ನೆಲ್ಲ ಹೇಗೋ ಪಾಲಿಸಿದರು. ಒಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು. ಸಿರಿವಂತ ಹುಡುಗನೊಬ್ಬ ಬಂದು ನಾನೇನು ಮಾಡಬೇಕು ಎಂದು ಕೇಳಿದಾಗ, ಇರುವುದನ್ನೆಲ್ಲ ಬಡವರಿಗೆ ಕೊಟ್ಟು ಬಾ ಎಂದು ಪ್ರಭು ಹೇಳಿದನಲ್ಲ, ಆ ಮಾತು. ಎಲ್ಲರೂ ಎಲ್ಲವನ್ನೂ ಕೊಟ್ಟರೆ ಊರು ಉಳಿಯುವುದಿಲ್ಲ. ಯಾರೂ ಏನನ್ನೂ ಕೊಡದಿದ್ದರೆ ಮಾತು ಉಳಿಯುವುದಿಲ್ಲ. ಹಿಂದಿನವರು ಕೂತು ಯೋಚಿಸಿ ಒಂದು ದಾರಿ ಕಂಡುಕೊಂಡರು. ಸುಗ್ಗಿ ಮುಗಿದ ಮೇಲಿನ ಭಾನುವಾರ ಪೂಜೆಯಾದ ಕೂಡಲೇ ದೇವಾಲಯದ ಬಾಗಿಲಿನಿಂದ ಒಂದು ಬಿಳಿಯ ಕುರಿಯನ್ನು ಬಿಡುವುದು. ಅದು ಯಾರ ಹೊಸಿಲಲ್ಲಿ ಮಲಗುತ್ತದೋ ಆ ಮನೆಯವರು ಊರಿನ ಪರವಾಗಿ ಎಲ್ಲವನ್ನೂ ಕೊಡುವುದು. ಒಂದು ಮನೆ ಕೊಟ್ಟರೆ ಇಡೀ ಊರು ಕೊಟ್ಟ ಹಾಗೆ. ಅದಕ್ಕೆ ಬರಿಗೈ ಭಾನುವಾರ ಎಂದು ಹೆಸರು.

ಕೊಟ್ಟವರು ಆಮೇಲೆ ಬೀದಿಯ ಕೊನೆಗೆ ನಡೆದು ಹೊಳೆದಂಡೆಯಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಮುಂದಿನ ವರ್ಷ ಕೊಡಲು ಬಡವರು ಬೇಕಲ್ಲ, ಇವರೇ ಆ ಬಡವರು. ಹೊಳೆದಂಡೆಯ ಗುಡಿಸಲುಗಳು ವರ್ಷವರ್ಷವೂ ಹೆಚ್ಚುತ್ತಿದ್ದವು. ಊರಿಗೆ ಅದು ಕಾಣುತ್ತಿರಲಿಲ್ಲವೆಂದಲ್ಲ. ಬೆಟ್ಟವನ್ನು ದಿನಾ ನೋಡುವವರಿಗೆ ಬೆಟ್ಟ ಕಾಣುವ ಹಾಗೆ ಕಾಣುತ್ತಿತ್ತು.

ಆ ಬೀದಿಯ ಕೆಳತುದಿಯಲ್ಲಿ ಚೌರಮ್ಮನ ಮನೆ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಎರಡು ಎಮ್ಮೆ ಕಟ್ಟಿಕೊಂಡು ಹಾಲು, ಮೊಸರು ಮಾರಿ ಯಾರ ಹಂಗಿಲ್ಲದೆ ಬದುಕಿದ್ದಳು. ಮಧ್ಯಾಹ್ನ ದೇವಾಲಯದ ಗಂಟೆಯಾದರೆ ಅವಳ ಜಗಲಿಯ ಮೇಲೆ ದೊಡ್ಡ ಹಂಡೆ ಬರುತ್ತಿತ್ತು. ಹಂಡೆಯ ತುಂಬ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ. ಹೊಳೆದಂಡೆಯವರು ಚೊಂಬು ಚಟಿಗೆ ಹಿಡಿದು ಬಂದು ಕುಡಿದು ಹೋಗುತ್ತಿದ್ದರು. ಇದು ಭಕ್ತಿ ಎಂದು ಚೌರಮ್ಮನಿಗೆ ಅನ್ನಿಸಿರಲಿಲ್ಲ. ಬಾಯಿ ಜೋರು. "ಏ, ಸಾಲಲ್ಲಿ ನಿಲ್ಲು. ಎಮ್ಮೆ ನಿನ್ನೊಬ್ಬನಿಗೇ ಕರೆಯಲ್ಲ," ಎಂದು ಬೈಯುತ್ತಲೇ ಸೌಟು ತುಂಬಿಸುತ್ತಿದ್ದಳು. ಹಂಡೆ ತೊಳೆದ ನೀರನ್ನೂ ತರಕಾರಿ ಸಿಪ್ಪೆಯನ್ನೂ ಹೊಸಿಲ ಪಕ್ಕದ ಕಲಗಚ್ಚಿನ ಬಾನಿಗೆ ಸುರಿಯುತ್ತಿದ್ದಳು. ಬೀದಿಯ ಆಡು ಕುರಿ ಕರುಗಳೆಲ್ಲ ಅಲ್ಲಿ ಮೂತಿ ಹಾಕುತ್ತಿದ್ದವು.

ಬರಿಗೈ ಭಾನುವಾರದ ಹಿಂದಿನ ದಿನ ಊರಿನವರು ಹೊಸಿಲು ತೊಳೆಯುತ್ತಿದ್ದರು. ಹೊಗೆಸೊಪ್ಪು ನೆನೆಸಿದ ನೀರಲ್ಲಿ ತೊಳೆಯುತ್ತಿದ್ದರು. ಯಾಕೆ ಎಂದರೆ ಮಡಿಗೆ ಎನ್ನುತ್ತಿದ್ದರು. ಕುರಿ ಆ ವಾಸನೆಗೆ ಮುಖ ತಿರುಗಿಸುತ್ತದೆ ಎಂದು ಎಲ್ಲರಿಗೂ ಗೊತ್ತು, ಯಾರೂ ಹೇಳುತ್ತಿರಲಿಲ್ಲ. ಚೌರಮ್ಮನಿಗೆ ಹೊಗೆಸೊಪ್ಪಿನ ವಾಸನೆ ಆಗುತ್ತಿರಲಿಲ್ಲ. ಅವಳು ತೊಳೆಯಲಿಲ್ಲ.

ಬೇರೆ ವರ್ಷಗಳಲ್ಲಿ ವಾಸನೆ ಕಡಿಮೆಯಿದ್ದ ಯಾವುದೋ ಹೊಸಿಲಲ್ಲಿ ಮಲಗುತ್ತಿದ್ದ ಕುರಿ ಆ ವರ್ಷ ಬೀದಿಯುದ್ದಕ್ಕೂ ಇಳಿದು ಬಂತು. ದೊಡ್ಡಮನೆಯ ಹೊಸಿಲು ಮೂಸಿ ಸೀನಿತು. ಎಣ್ಣೆಗಾಣದವರ ಹೊಸಿಲು ಮೂಸಿ ಸೀನಿತು. ಹಿಂದೆ ಊರೆಲ್ಲ ಮೇಣದಬತ್ತಿ ಹಿಡಿದು ಹಾಡುತ್ತ ಬರುತ್ತಿತ್ತು. ಕುರಿ ಚೌರಮ್ಮನ ಬಾನಿಯಲ್ಲಿ ಹೊಟ್ಟೆ ತುಂಬ ಕಲಗಚ್ಚು ಕುಡಿದು, ಹೊಸಿಲ ಮೇಲೆ ಕಾಲು ಮಡಿಸಿ ಮಲಗಿ, ಕಣ್ಣು ಮುಚ್ಚಿತು.

ಹಾಡು ನಿಂತಿತು. ಆಮೇಲೆ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ಚೌರಮ್ಮನಿಗೆ ಕೇಳಿಸಿತು.

"ಪುಣ್ಯವಂತೆ ಕಣಮ್ಮ ನೀನು," ಎಂದ ದೊಡ್ಡಮನೆಯ ಯಜಮಾನ. ದೇವಾಲಯದ ಹಿರಿಯ ಅವನೇ. "ಪ್ರಭು ನಿನ್ನನ್ನ ಆರಿಸಿಕೊಂಡ."

"ಪ್ರಭು ಅಲ್ಲ ಯಜಮಾನರೇ, ಕಲಗಚ್ಚು ಆರಿಸಿಕೊಂಡಿದ್ದು," ಎಂದಳು ಚೌರಮ್ಮ. ಯಾರೂ ನಗಲಿಲ್ಲ. ಅಷ್ಟರಲ್ಲಿ ಗಂಡಾಳುಗಳು ಅವಳ ಮನೆಯೊಳಗೆ ಹೋಗಿಯಾಗಿತ್ತು.

ಕೊಡುವುದಕ್ಕೂ ಕ್ರಮವಿತ್ತು. ಕೊಡುವವರು ಯಾರಿಗೆ ಏನು ಎಂದು ಹೇಳುವಂತಿಲ್ಲ, ಹೇಳಿದರೆ ಅದು ಇನ್ನೂ ತನ್ನದು ಎಂದಂತಾಗುತ್ತದೆ. ಆದ್ದರಿಂದ ಚೌರಮ್ಮ ಬೀದಿಯಲ್ಲಿ ನಿಂತು ನೋಡಿದಳು. ಒಂದು ಎಮ್ಮೆ ಹೊಳೆದಂಡೆಯ ಒಬ್ಬನಿಗೆ, ಇನ್ನೊಂದು ಎಮ್ಮೆ ಇನ್ನೊಬ್ಬನಿಗೆ. ಹಂಡೆ ಗಾಡಿಯವನಿಗೆ. ಸೌಟು ಒಬ್ಬಳಿಗೆ, ಒನಕೆ ಒಬ್ಬಳಿಗೆ, ಬೀಸುವ ಕಲ್ಲಿನ ಮೇಲಿನ ಹೋಳು ಒಬ್ಬರಿಗೆ, ಕೆಳಗಿನ ಹೋಳು ಇನ್ನೊಬ್ಬರಿಗೆ. ಬಾಗಿಲನ್ನು ಚೌಕಟ್ಟಿನಿಂದ ಕಿತ್ತು ಹೊಳೆದಂಡೆಯ ಕುರುಡಜ್ಜಿಗೆ ಕೊಟ್ಟರು.

"ಅಯ್ಯೋ, ಎರಡು ಹೋಳನ್ನೂ ಒಬ್ಬರಿಗೇ ಕೊಡ್ರಪ್ಪ! ಅರ್ಧ ಕಲ್ಲಲ್ಲಿ ಹೇಗೆ ಬೀಸ್ತಾರೆ?" ಎಂದು ಚೌರಮ್ಮ ಕೂಗಿದಳು.

"ಶ್, ಮಾತಾಡಬಾರದು," ಎಂದಳು ದೊಡ್ಡಮನೆಯಾಕೆ, ಯಜಮಾನನ ಹೆಂಡತಿ. ಚೌರಮ್ಮನ ಭುಜ ಹಿಡಿದುಕೊಂಡು ನಿಜವಾಗಿಯೂ ಅಳುತ್ತಿದ್ದಳು. "ಸಮಾನವಾಗಿ ಹಂಚ್ತಿದ್ದಾರೆ. ಎಷ್ಟು ಚಂದ ನೋಡು."

ಬಿಸಿಲು ಇಳಿಯುವ ಹೊತ್ತಿಗೆ ಮನೆ ಬರಿದಾಯಿತು. ಊರಿನವರು ಒಬ್ಬೊಬ್ಬರಾಗಿ ಬಂದು ಚೌರಮ್ಮನ ಕಾಲು ಮುಟ್ಟಿ ಮನೆಗೆ ಹೋಗಿ ಊಟ ಮಾಡಿದರು. ಅವಳು ಉಟ್ಟ ಸೀರೆಯಲ್ಲಿ ಹೊಳೆದಂಡೆಗೆ ನಡೆದಳು.

ಕೊಟ್ಟದ್ದಕ್ಕೆ ಅವಳಿಗೆ ದುಃಖವಿರಲಿಲ್ಲ, ಇದನ್ನು ಹೇಳಲೇಬೇಕು. ಒಂಟಿ ಹೆಂಗಸು, ಇಂದಲ್ಲ ನಾಳೆ ಬಿಟ್ಟುಹೋಗಬೇಕಾದದ್ದೇ ಎಂದು ತಾನೇ ಸಮಾಧಾನ ಹೇಳಿಕೊಂಡಳು. ರೇಗಿದ್ದು ಮರುದಿನ ಮಧ್ಯಾಹ್ನ. ದೇವಾಲಯದ ಗಂಟೆ ಬಾರಿಸಿತು. ಹೊಳೆದಂಡೆಯವರೆಲ್ಲ ಚೊಂಬು ಚಟಿಗೆ ಹಿಡಿದು ಎದ್ದು ನಿಂತರು. ಎದ್ದು ನಿಂತು, ಎಲ್ಲಿಗೆ ಹೋಗುವುದೆಂದು ತಿಳಿಯದೆ, ಚೌರಮ್ಮನ ಮುಖ ನೋಡಿದರು.

"ನನ್ನ ಮುಖ ಯಾಕೆ ನೋಡ್ತೀರಾ?" ಎಂದಳು ಅವಳು. "ಹಂಡೆ ಎಲ್ಲಿ?"

ಗಾಡಿಯವನು ಹಂಡೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಿದ್ದ. ಒಂದು ಕಾಲದಲ್ಲಿ ಊರಿನ ಗಾಡಿಯೆಲ್ಲ ಅವನದೇ. ಕುರಿ ಅವನ ಹೊಸಿಲಲ್ಲಿ ಮಲಗಿದ ವರ್ಷ ಎತ್ತು ಒಬ್ಬನಿಗೆ, ನೊಗ ಒಬ್ಬನಿಗೆ, ಚಕ್ರ ಒಬ್ಬನಿಗೆ ಹೋಗಿತ್ತು. ಚಕ್ರ ಪಡೆದವನು ಅದನ್ನು ಒಲೆಗಿಟ್ಟ. "ಹಂಡೆ ಇದೆ ಚೌರಕ್ಕ, ಹಾಕೋಕೆ ರಾಗಿ ಇಲ್ಲ," ಎಂದ ಅವನು. ಎಮ್ಮೆ ಪಡೆದವರಲ್ಲಿ ಒಬ್ಬ ಹುಲ್ಲು ಎಲ್ಲಿಂದ ತರುವುದೆಂದು ತಿಳಿಯದೆ ಸಂತೆಗೆ ಹೊಡೆದಿದ್ದ. ಇನ್ನೊಬ್ಬನ ಎಮ್ಮೆ ಹೊಸ ಕೈಗೆ ಹಾಲಿಳಿಸದೆ ಒದೆಯುತ್ತಿತ್ತು.

ಕುರುಡಜ್ಜಿ ಬಾಗಿಲನ್ನು ನೆಲದ ಮೇಲೆ ಹಾಸಿಕೊಂಡು ಕೂತಿದ್ದಳು. ಆಕೆ ಹಿಂದೆ ಬಟ್ಟೆ ಅಂಗಡಿಯವರ ಮನೆಯ ಹೆಂಗಸು. "ಚೌರಮ್ಮ, ನಿನ್ನ ಬಾಗಿಲು ನನಗೆ ಕೊಟ್ಟರು ಕಣವ್ವ," ಎಂದಳು. "ಒಳ್ಳೇ ಬಾಗಿಲು. ಆದರೆ ಗೋಡೆ ಇಲ್ಲವಲ್ಲ, ಎಲ್ಲಿಗೆ ಹಾಕಲಿ? ನಿನ್ನ ಅಂಬಲಿ ಇದ್ದಾಗ ನನಗೆ ಬಾಗಿಲ ಚಿಂತೆ ಇರಲಿಲ್ಲ."

ಚೌರಮ್ಮ ಹಣೆ ಚಚ್ಚಿಕೊಂಡಳು. ಇಟ್ಟುಕೊಂಡಿದ್ದಾಗ ದಿನಾ ಕೊಡುತ್ತಿದ್ದಳು. ಎಲ್ಲವನ್ನೂ ಕೊಟ್ಟ ಮೇಲೆ ಯಾರಿಗೂ ಏನೂ ಇಲ್ಲ.

"ಏಳಿ," ಎಂದಳು. "ಊರಿಗೆ ಹೋಗೋಣ. ಒಂದು ಮನೆ ಹಂಡೆ ಮುರಿದರೆ ಬೇರೆ ಮನೆ ಹಂಡೆ ಇಲ್ಲವಾ?"

ಅವರು ಬೀದಿ ಹತ್ತಿದರು. ಎಣ್ಣೆಗಾಣದವರ ಮನೆಯಲ್ಲಿ, "ಈ ವರ್ಷದ್ದು ಆಯಿತಲ್ಲ ಚೌರಮ್ಮ, ನೀವೇ ಕೊಟ್ಟಿರಲ್ಲ," ಎಂದರು. ಅದರ ಮೇಲಿನ ಮನೆಯಲ್ಲಿ, "ನೀವು ಕೊಟ್ಟ ಮೇಲೂ ನಾವು ಕೊಟ್ಟರೆ ನಿಮ್ಮ ತ್ಯಾಗಕ್ಕೆ ಅವಮಾನ ಅಲ್ಲವಾ?" ಎಂದರು. ಎಲ್ಲ ಮನೆಯಲ್ಲೂ ಬಾಗಿಲು ತೆರೆದರು, ಎಲ್ಲ ಮನೆಯಲ್ಲೂ ಕಾಲು ಮುಟ್ಟಿದರು. ದೊಡ್ಡಮನೆಯಾಕೆ ಒಳಗೆ ಓಡಿಹೋಗಿ ಬಂದಾಗ ಅನ್ನ ತರುತ್ತಾಳೆ ಎಂದುಕೊಂಡರು. ಆಕೆ ಸೇವಂತಿಗೆ ಹಾರ ತಂದು ಚೌರಮ್ಮನ ಕೊರಳಿಗೆ ಹಾಕಿದಳು.

"ಇದನ್ನ ಏನು ಮಾಡಲಿ?" ಎಂದಳು ಚೌರಮ್ಮ.

"ಹಾಕಿಕೊಳ್ಳಿ. ನೀವೀಗ ಸಂತರ ಸಮಾನ."

"ಇವರು ನೆನ್ನೆಯಿಂದ ಉಂಡಿಲ್ಲ ಕಣಮ್ಮ."

ದೊಡ್ಡಮನೆಯಾಕೆ ಕಣ್ಣೊರೆಸಿಕೊಂಡಳು. "ನನಗೇನು ಕೊಡಬಾರದು ಅಂತಲಾ? ಆದರೆ ಇಷ್ಟು ಕೊಟ್ಟರೆ ಸಾಕು ಅಂತ ಯಾರು ಹೇಳ್ತಾರೆ? ಒಂದು ಸೇರು ಕೊಟ್ಟರೆ ಯಾಕೆ ಎರಡು ಕೊಡಲಿಲ್ಲ ಅಂತ ಮನಸ್ಸು ಕೇಳುತ್ತೆ. ಎರಡು ಕೊಟ್ಟರೆ ಕಣಜ ಯಾಕೆ ಕೊಡಲಿಲ್ಲ ಅನ್ನುತ್ತೆ. ಶುರು ಮಾಡಿದರೆ ಕೊನೆ ಇಲ್ಲ. ಅದಕ್ಕೇ ಅಲ್ಲವಾ ಕುರಿ ಇರೋದು."

ಚೌರಮ್ಮ ಹಾರವನ್ನು ಬಿಚ್ಚಿ ಬೀದಿಯ ಆಡಿಗೆ ಹಾಕಿದಳು. ಆಡಾದರೂ ತಿಂದಿತು.

ಅಲ್ಲಿಂದ ನೇರ ದೇವಾಲಯಕ್ಕೆ ಹತ್ತಿದಳು. ಪೂಜೆ ನಡೆಸುವ ಸ್ವಾಮಿಗಳು ಹಿಂದಿನ ಕೊಟ್ಟಿಗೆಯಲ್ಲಿ ಕುರಿಯ ಉಣ್ಣೆ ಬಾಚುತ್ತಿದ್ದರು. ವಯಸ್ಸಾದ, ತೆಳ್ಳಗಿನ ಮನುಷ್ಯ. ಒಂದು ಚಾಪೆ, ಒಂದು ತಟ್ಟೆ ಬಿಟ್ಟರೆ ಅವರದೆಂಬುದು ಏನೂ ಇರಲಿಲ್ಲ.

"ಸ್ತೋತ್ರ ಸ್ವಾಮಿ. ಒಂದು ಕೇಳ್ತೀನಿ, ಸಿಟ್ಟಾಗಬೇಡಿ. ಪ್ರಭು ಆ ಮಾತು ಹೇಳಿದ್ದು ಆ ಒಬ್ಬ ಹುಡುಗನಿಗಾ, ಎಲ್ಲರಿಗಾ?"

ಸ್ವಾಮಿಗಳು ಬಾಚಣಿಗೆ ಕೆಳಗಿಟ್ಟರು. "ಗೊತ್ತಿಲ್ಲ ಚೌರಮ್ಮ."

"ಗೊತ್ತಿಲ್ಲವಾ!"

"ನಲವತ್ತು ವರ್ಷದಿಂದ ಓದ್ತಿದ್ದೀನಿ. ಎಲ್ಲರಿಗೂ ಅಂತ ಹೇಳಿದರೆ ಮುಂದಿನ ಭಾನುವಾರ ದೇವಾಲಯದಲ್ಲಿ ನಾನೊಬ್ಬನೇ ಇರ್ತೀನಿ. ಆ ಹುಡುಗನಿಗೆ ಮಾತ್ರ ಅಂತ ಹೇಳಿದರೆ ಎಲ್ಲರೂ ಹಾಯಾಗಿ ನಿದ್ದೆ ಮಾಡ್ತಾರೆ. ಅದಕ್ಕೆ ಕುರಿಯನ್ನೇ ಬಿಡ್ತೀನಿ."

"ಈಗಲೂ ಹಾಯಾಗೇ ನಿದ್ದೆ ಮಾಡ್ತಿದ್ದಾರೆ ಸ್ವಾಮಿ. ಎದ್ದಿರೋದು ಹೊಳೆದಂಡೆಯವರು ಮಾತ್ರ, ಹಸಿವಿಗೆ."

"ನೀನು ಕೊಟ್ಟೆಯಲ್ಲ. ನಿನಗೆ ಸ್ವರ್ಗದಲ್ಲಿ—"

"ಸ್ವರ್ಗ ಇರಲಿ. ಕೊಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ. ನಾಳೆ ಕೊಡೋಕೆ ಏನೂ ಉಳಿಸಲಿಲ್ಲವಲ್ಲ, ಅದಕ್ಕೆ ಮೈ ಉರಿಯುತ್ತೆ."

ಸ್ವಾಮಿಗಳು ಬಾಚಣಿಗೆಯನ್ನು ಮತ್ತೆ ಎತ್ತಿಕೊಂಡರು. ಕುರಿ ಹಿಡಿ ಹಿಡಿ ಹುರುಳಿಯನ್ನು ಮೆಲ್ಲುತ್ತ ಅವಳನ್ನೇ ನೋಡಿತು. ಅದರ ಬೆನ್ನು ಹಾಸಿಗೆಯ ಹಾಗೆ ಅಗಲವಾಗಿತ್ತು.

ಮಳೆ ಬಂತು, ಹೊಳೆ ಏರಿತು, ಇಳಿಯಿತು. ಹೊಳೆದಂಡೆಯವರು ಗೆಡ್ಡೆ ಅಗೆದರು, ಮೀನು ಹಿಡಿದರು, ಪರರ ಹೊಲದಲ್ಲಿ ಕಳೆ ಕಿತ್ತರು. ಚೌರಮ್ಮ ಬೀಸುವ ಕಲ್ಲಿನ ಎರಡು ಹೋಳಿನವರನ್ನು ಬೈದು ಒಟ್ಟಿಗೆ ಕೂರಿಸಿದಳು. ಒದೆಯುವ ಎಮ್ಮೆಯನ್ನು ತಾನೇ ಹೋಗಿ ಕರೆದುಕೊಟ್ಟಳು. ಆದರೂ ಎಲ್ಲರಿಗೂ ಸಾಲುವಷ್ಟು ಆಗಲಿಲ್ಲ. ಚಳಿ ಬಿದ್ದಾಗ ಕುರುಡಜ್ಜಿ ಮೇಲೇಳಲಿಲ್ಲ. "ಅಂಬಲಿ ಹುಳಿಯಾಗಿದೆಯೇನೇ?" ಎಂದು ಕೇಳಿದಳು, ಅಂಬಲಿ ಇರಲೇ ಇಲ್ಲ. ಚೌರಮ್ಮ ಬರಿ ಮಜ್ಜಿಗೆ ನೀರನ್ನು ಬಾಯಿಗೆ ಬಿಟ್ಟಳು. "ಉಪ್ಪು ಜಾಸ್ತಿ ಹಾಕಿದ್ದೀಯ," ಎಂದು ದೂರಿ, ಅಜ್ಜಿ ತೀರಿಕೊಂಡಳು.

ಆಗ ಊರು ಇಳಿದು ಬಂತು. ಊರಿಗೆ ಊರೇ ಬಂತು. ಮೇಣದಬತ್ತಿ, ಸಾಂಬ್ರಾಣಿ, ಬುಟ್ಟಿ ಬುಟ್ಟಿ ಹೂವು. ಬಡಗಿಗೆ ಹೇಳಿ ಅಜ್ಜಿಯ ಬಾಗಿಲನ್ನೇ ಕೊಯ್ದು ಪೆಟ್ಟಿಗೆ ಮಾಡಿಸಿದರು, ಒಳಗೆ ರೇಷ್ಮೆ ಹಾಸಿದರು. ದೊಡ್ಡಮನೆಯ ಯಜಮಾನ ತಾನೇ ಹೆಗಲು ಕೊಟ್ಟ. ಗಾಡಿಯವನು ಚೌರಮ್ಮನ ಕಿವಿಯಲ್ಲಿ, "ಚೌರಕ್ಕ, ಈ ಹೂವಿನ ಹಣಕ್ಕೆ ಅಜ್ಜಿ ಮೂರು ವರ್ಷ ಉಣ್ಣುತ್ತಿದ್ದಳು," ಎಂದ. ಚೌರಮ್ಮ ಹಲ್ಲು ಕಚ್ಚಿ ನಿಂತಳು. ಅಳು ಬರಲಿಲ್ಲ. ಅಳುವಿಗೆ ಜಾಗವಿಲ್ಲದಷ್ಟು ಸಿಟ್ಟು ತುಂಬಿತ್ತು.

ಸುಗ್ಗಿ ಮುಗಿಯಿತು. ಬರಿಗೈ ಭಾನುವಾರ ಬಂತು. ಹೊಸಿಲುಗಳಿಂದ ಹೊಗೆಸೊಪ್ಪಿನ ವಾಸನೆ ಹೊಳೆಯ ತನಕ ಬಂತು. ಕುರಿ ದೇವಾಲಯದ ಬಾಗಿಲಿನಿಂದ ಹೊರಟು ಒಂದೊಂದು ಹೊಸಿಲನ್ನೂ ಮೂಸಿತು, ಒಂದೊಂದು ಹೊಸಿಲಲ್ಲೂ ಸೀನಿತು. ಇಳಿಯುತ್ತ ಇಳಿಯುತ್ತ ಕೆಳತುದಿಗೆ ಬಂದು, ಬಾಗಿಲಿಲ್ಲದ ಚೌರಮ್ಮನ ಹಳೇ ಮನೆಯೊಳಗೇ ನುಗ್ಗಿ, ಖಾಲಿ ನೆಲದ ನಡುವೆ ಮಲಗಿಬಿಟ್ಟಿತು.

ಜನ ಮುಖ ಮುಖ ನೋಡಿಕೊಂಡರು. ಹೀಗೆ ಎಂದೂ ಆಗಿರಲಿಲ್ಲ. ದೊಡ್ಡಮನೆಯ ಯಜಮಾನ ಗಂಟಲು ಸರಿಮಾಡಿಕೊಂಡ. "ಇದು ಚೌರಮ್ಮನ ಮನೆಯೇ. ಅವಳು ಎಲ್ಲವನ್ನೂ ಕೊಟ್ಟಾಗಿದೆ. ಅಂದಮೇಲೆ ಈ ವರ್ಷದ್ದೂ ಸಂದಾಯ ಆದ ಹಾಗೇ," ಎಂದ. ಆಮೇಲೆ ಒಬ್ಬರು ಸ್ತೋತ್ರ ಎಂದರು, ಇನ್ನೊಬ್ಬರು ಸ್ತೋತ್ರ ಎಂದರು, ಹಾಡು ಶುರುವಾಯಿತು. ಯಾರೂ ಏನೂ ಕೊಡದೆ ಊರು ಎಲ್ಲವನ್ನೂ ಕೊಟ್ಟಿತ್ತು.

ಜನರ ಹಿಂದೆ ನಿಂತಿದ್ದ ಚೌರಮ್ಮ ದಾರಿ ಮಾಡಿಕೊಂಡು ಮುಂದೆ ಬಂದಳು. "ಹಾಡು ನಿಲ್ಲಿಸಿ," ಎಂದಳು. ನಿಲ್ಲಿಸಲಿಲ್ಲ. "ನಿಲ್ಲಿಸ್ರೋ!" ಎಂದು ಎಮ್ಮೆ ಅಟ್ಟುವ ಗಂಟಲಲ್ಲಿ ಕೂಗಿದಳು. ನಿಂತಿತು.

"ಇದು ನನ್ನ ಮನೆ ತಾನೆ?"

"ನಿನ್ನದೇ," ಎಂದ ಯಜಮಾನ.

"ಮನೆಯೊಳಗೆ ಇರೋದನ್ನೆಲ್ಲ ಬಡವರಿಗೆ ಕೊಡಬೇಕು ತಾನೆ?"

"ಕೊಡಬೇಕು. ಆದರೆ ಒಳಗೆ ಏನೂ—"

"ಕುರಿ ಇದೆ," ಎಂದಳು ಚೌರಮ್ಮ.

ಯಾರಿಗೂ ಅರ್ಥವಾಗುವ ಮೊದಲೇ ಅವಳು ಒಳಗೆ ಹೋಗಿ, ನಿದ್ದೆಗಣ್ಣಿನ ಕುರಿಯ ಕಾಲುಗಳನ್ನು ಸೇರಿಸಿ ಹಿಡಿದು, ಹೆಗಲ ಮೇಲೆ ಹಾಕಿಕೊಂಡು ಹೊಳೆದಂಡೆಗೆ ಇಳಿದಳು. ಹೊಳೆದಂಡೆಯವರು ಅವಳ ಹಿಂದೆ ಹೋದರು. ಊರು ನಿಂತಲ್ಲೇ ನಿಂತಿತು. ಅವಳು ಹೇಳಿದ್ದರಲ್ಲಿ ತಪ್ಪೆಲ್ಲಿ ಎಂದು ಹುಡುಕುತ್ತಿತ್ತು, ಸಿಗಲಿಲ್ಲ.

ಗಾಡಿಯವನು ಹಂಡೆಯನ್ನು ಮಗುಚಿ ತೊಳೆದ. ಒಬ್ಬಳು ಸೌಟು ತಂದಳು, ಒಬ್ಬಳು ಒನಕೆ ತಂದು ಕಾರ ಕುಟ್ಟಿದಳು. ಅಂದು ಹೊಳೆದಂಡೆಯಲ್ಲಿ ಎದ್ದ ಹೊಗೆ ನೇರ ದೇವಾಲಯದ ಶಿಲುಬೆಯ ತನಕ ಹೋಯಿತು. ಹೊಗೆಯ ಜೊತೆ ಸಾರಿನ ವಾಸನೆಯೂ ಹೋಯಿತು.

ಸ್ವಾಮಿಗಳು ನಿಲುವಂಗಿ ಎತ್ತಿ ಹಿಡಿದು ಓಡಿ ಬಂದರು. "ಚೌರಮ್ಮ! ಏನು ಮಾಡಿದೆ! ಅದು ಪ್ರಭುವಿನ ಕುರಿ!"

"ಪ್ರಭುವಿನದೇ ಸ್ವಾಮಿ. ಅದಕ್ಕೇ ಇಷ್ಟು ಜನಕ್ಕೆ ಬಂತು." ಅವಳು ಮುತ್ತುಗದ ಎಲೆಯಲ್ಲಿ ಮುದ್ದೆ ಇಟ್ಟು ಸಾರು ಬಿಟ್ಟು ಅವರ ಮುಂದೆ ಹಿಡಿದಳು. "ಕೂತುಕೊಳ್ಳಿ. ನೀವೂ ಸರಿಯಾಗಿ ಉಂಡು ಎಷ್ಟು ವರ್ಷ ಆಯಿತೋ."

ಸ್ವಾಮಿಗಳು ಎಲೆ ನೋಡಿದರು, ಸುತ್ತ ಉಣ್ಣುತ್ತಿದ್ದವರನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡರು ಎಲ್ಲರೂ. ಅವರು ಮರಳ ಮೇಲೆ ಕೂತು, ಶಿಲುಬೆ ಗುರುತು ಹಾಕಿಕೊಂಡು, ಉಂಡರು. ಇನ್ನೊಂದು ಸಲವೂ ಹಾಕಿಸಿಕೊಂಡರು.

ಆ ವಾರವೆಲ್ಲ ಊರು ಕುದಿಯಿತು. ಬೇರೆ ಕುರಿ ತರಬೇಕೆಂದು ಯಜಮಾನ ಹೇಳಿದ. "ತಂದರೆ ಅದನ್ನೂ ಬೇಯಿಸ್ತಾಳೆ," ಎಂದರು ಸ್ವಾಮಿಗಳು. "ಬಡಿಸಿದರೆ ನಾನೂ ಉಣ್ಣುತ್ತೀನಿ."

ಭಾನುವಾರ ಪೂಜೆಯಲ್ಲಿ ಅವರು ಅದೇ ಪಾಠವನ್ನು ಮತ್ತೆ ಓದಿದರು. ಹುಡುಗ ಬಂದ, ಕೇಳಿದ, ಪ್ರಭು ಹೇಳಿದ, ಹುಡುಗ ಮುಖ ಬಾಡಿಸಿಕೊಂಡು ಹೋದ. ಓದಿ ಮುಗಿಸಿ ಪುಸ್ತಕ ಮುಚ್ಚಿ ಸುಮ್ಮನೆ ನಿಂತರು. ಜನ ಅಭ್ಯಾಸಬಲದಿಂದ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಏನೂ ಇರಲಿಲ್ಲ. ತಿರುಗಿ ಸ್ವಾಮಿಗಳನ್ನು ನೋಡಿದರು. ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಆ ಮಾತು ದೇವಾಲಯದೊಳಗೇ ಉಳಿದಿತ್ತು, ಹೊರಗೆ ಹೊತ್ತುಕೊಂಡು ಹೋಗಲು ಕುರಿ ಇರಲಿಲ್ಲ. ಯಾರೋ ಕೆಮ್ಮಿದರು. ಎಣ್ಣೆಗಾಣದವನು ತನ್ನ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಕೆಲವರು ಎದ್ದು ಹೋದರು, ಅವರು ಮತ್ತೆ ಬರಲೇ ಇಲ್ಲ ಎಂಬುದೂ ನಿಜ. ಯಜಮಾನ ಅವರಲ್ಲಿ ಮೊದಲನೆಯವನು.

ಅಂದು ಮಧ್ಯಾಹ್ನ ಚೌರಮ್ಮ ಹೊಳೆದಂಡೆಯಲ್ಲಿ ತಳದಲ್ಲಷ್ಟೇ ಅಂಬಲಿಯಿದ್ದ ಹಂಡೆಗೆ ನೀರು ಬೆರೆಸುತ್ತಿದ್ದಳು. ದೊಡ್ಡಮನೆಯಾಕೆ ಒಂದು ಪಾತ್ರೆ ಅನ್ನವನ್ನು ಸೊಂಟದ ಮೇಲಿಟ್ಟುಕೊಂಡು ಒಬ್ಬಳೇ ಇಳಿದು ಬಂದಳು. ಮುಖದಲ್ಲಿ ಭಕ್ತಿ ಇರಲಿಲ್ಲ, ಕಣ್ಣೀರಿರಲಿಲ್ಲ. ಕೋಪವಿತ್ತು.

"ತಗೋ," ಎಂದಳು. "ಇಷ್ಟು ಸಾಕಾ?"

"ನನ್ನನ್ನ ಯಾಕೆ ಕೇಳ್ತೀರಾ?"

"ಮತ್ತೆ ಯಾರನ್ನ ಕೇಳಲಿ? ಯಜಮಾನರನ್ನ ಕೇಳಿದರೆ ಇದೇ ಜಾಸ್ತಿ ಅಂತಾರೆ. ಸ್ವಾಮಿಗಳನ್ನ ಕೇಳಿದರೆ ಗೊತ್ತಿಲ್ಲ ಅಂತಾರೆ. ಒಂದು ವಾರದಿಂದ ಕಣ್ಣು ಮುಚ್ಚಿಲ್ಲ ನಾನು. ಎಷ್ಟು ಕೊಟ್ಟರೆ ಮುಗಿಯುತ್ತೆ, ಹೇಳಿಬಿಡು."

ಚೌರಮ್ಮ ನಿಟ್ಟುಸಿರು ಬಿಟ್ಟಳು. ಇದಕ್ಕೂ ತಾನೇ ಬೇಕೇನು ಎನ್ನಿಸಿತು. ಸೌಟನ್ನು ಆಕೆಯ ಕೈಗೆ ಕೊಟ್ಟಳು. "ನೀವೇ ಬಡಿಸಿ."

ದೊಡ್ಡಮನೆಯಾಕೆ ಹುಟ್ಟಿದಂದಿನಿಂದ ಪರರಿಗೆ ಬಡಿಸಿದವಳಲ್ಲ. ಮೊದಲ ಎಲೆಗೆ ತೀರ ಜಾಸ್ತಿ ಹಾಕಿದಳು, ಎರಡನೆಯದಕ್ಕೆ ತೀರ ಕಡಿಮೆ ಹಾಕಿದಳು. ಆಮೇಲೆ ಕೈ ಕುದುರಿತು. ಒಬ್ಬೊಬ್ಬರ ಮುಖ ನೋಡಿ ಬಡಿಸುತ್ತ ಬಡಿಸುತ್ತ ಹೋದಳು. ಸಾಲಿನ ಅರ್ಧಕ್ಕೆ ಸೌಟು ಪಾತ್ರೆಯ ತಳಕ್ಕೆ ತಾಗಿ ಸದ್ದಾಯಿತು. ಆಕೆ ಪಾತ್ರೆ ಬಗ್ಗಿಸಿ ನೋಡಿದಳು. ಎಲೆ ಹಾಸಿಕೊಂಡು ಕೂತಿದ್ದ ಮಿಕ್ಕವರನ್ನು ನೋಡಿದಳು. ಅವರೂ ಆಕೆಯನ್ನೇ ನೋಡುತ್ತಿದ್ದರು.

"ಥೂ," ಎಂದಳು ದೊಡ್ಡಮನೆಯಾಕೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಖಾಲಿ ಪಾತ್ರೆಯನ್ನು ಎತ್ತಿಕೊಂಡಳು. "ಯಾರೂ ಏಳಬೇಡಿ. ಬಂದೆ."

"ದೊಡ್ಡ ಪಾತ್ರೆ ತನ್ನಿ," ಎಂದಳು ಚೌರಮ್ಮ.